ಅರ್ಥ್ ಕೊಟ್ಟ ಮೇಲೆ ಟ್ರಿಪ್ ಆಯ್ತು

"ಬಚ್ಚಲುಮನೆ ನಲ್ಲಿ ಮುಟ್ಟಿದ್ರೆ ಜುಮ್ ಅನ್ನತ್ತೆ ಕಣೋ" ಅಂತ ಅಮ್ಮ ಹೇಳಿದ್ದು ಎರಡನೇ ಸಲ. ನಾನು ಪರ್ಮಿಟ್ ಇರುವ ವೈರ್‌ಮನ್. ಊರವರ ಮನೆಗೆಲ್ಲ ಹೋಗುತ್ತೇನೆ. ಹಾಸನದ ನಮ್ಮ ಮನೆಯ ಬೋರ್ಡನ್ನೇ ಬಿಚ್ಚಿ ನೋಡಿರಲಿಲ್ಲ.

ಮೇನ್ ಆಫ್ ಮಾಡಿ ಗೀಸರ್ ಪಾಯಿಂಟ್ ಬಿಚ್ಚಿದೆ. ಹಸಿರು ವೈರ್, ಅಂದರೆ ಲೀಕಾದ ಕರೆಂಟನ್ನು ನೆಲಕ್ಕೆ ಒಯ್ಯುವ ಅರ್ಥ್ ವೈರ್, ಬಾಕ್ಸಿನೊಳಗೆ ಬಂದಿತ್ತು, ಆದರೆ ಸಾಕೆಟ್ಟಿಗೆ ಸೇರಿರಲಿಲ್ಲ. ತುದಿಗೆ ಕಪ್ಪು ಟೇಪ್ ಸುತ್ತಿ, ಮಡಚಿ ಹಿಂದಕ್ಕೆ ತುರುಕಿದ್ದರು. ಟೇಪಿನ ಅಂಟು ಒಣಗಿ ಪುಡಿಯಾಗಿತ್ತು. ಅಷ್ಟು ವರ್ಷ ಅಮ್ಮ ಅದರ ಕೆಳಗೇ ನಿಂತು ನೀರು ತುಂಬಿಸಿಕೊಂಡಿದ್ದರು.

ಬೋರ್ಡಿನಲ್ಲಿ ಹಳೇ ಫ್ಯೂಸ್ ಮಾತ್ರ ಇತ್ತು. ಫ್ಯೂಸ್ ಇದೆಯಲ್ಲ ಅಂತ ಜನ ಧೈರ್ಯವಾಗಿರುತ್ತಾರೆ. ಆದರೆ ಅದು ಕಾಯೋದು ವೈರನ್ನು, ಮನುಷ್ಯರನ್ನಲ್ಲ. 16 ಆಂಪಿಯರ್ ದಾಟಿದರೂ ತಕ್ಷಣ ಹೋಗಲ್ಲ. ಜೀವ ತೆಗೆಯಲು ಅದರ ನೂರರಲ್ಲೊಂದು ಭಾಗವೂ ಬೇಡ. ಅದಕ್ಕೇ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಲೀಕಾದರೆ ತಾನಾಗಿ ಬೀಳುವ ಸ್ವಿಚ್, ಹಾಕಿದೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸ್ ಬರದಿದ್ದರೆ ಅದು ಲೈನನ್ನೇ ಕಡಿದುಬಿಡುತ್ತದೆ.

ಮೊದಲು ಏನೂ ಆಗಲಿಲ್ಲ. ಹಸಿರು ವೈರ್ ಜೋಡಿಸಿ ಗೀಸರ್ ಸ್ವಿಚ್ ಒತ್ತಿದ ಕೂಡಲೇ ಟ್ರಿಪ್ ಆಯ್ತು.

"ಅಣ್ಣಾ, ಇಷ್ಟು ದಿನ ಸರಿ ಇತ್ತಲ್ವಾ? ಅದನ್ನ ಬೈಪಾಸ್ ಮಾಡಿಬಿಡು, ಕೆಲಸಕ್ಕೆ ಹೊತ್ತಾಯ್ತು" ಅಂದ ತಮ್ಮ.

ಸರಿ ಇರಲಿಲ್ಲ. ಲೀಕ್ ಮೊದಲಿಂದಲೂ ಇತ್ತು. ಹೋಗೋಕೆ ದಾರಿ ಇಲ್ಲದೆ ನೀರಿನ ಮೂಲಕ ನಲ್ಲಿಗೆ ಬರುತ್ತಿತ್ತು. ಪ್ಲಗ್ ಕಿತ್ತು, ಲೀಕ್ ಹುಡುಕೋ ಮೀಟರ್ ಮೆಗ್ಗರ್‌ನಲ್ಲಿ 500 ವೋಲ್ಟ್ ಕೊಟ್ಟು ನೋಡಿದೆ. ಕರೆಂಟ್ ಹೊರಗೆ ಸೋರದಂತೆ ಲೈನಿನಲ್ಲಿ ಒಂದು ಮೆಗಾಓಮಾದರೂ ತಡೆ ಇರಬೇಕು, ಅದು ಚೆನ್ನಾಗಿತ್ತು. ಗೀಸರಿಗೆ ಹಿಡಿದರೆ ಮುಳ್ಳು ಸೊನ್ನೆಗೇ ಬಿತ್ತು. ನೀರು ಕಾಯಿಸುವ ಎಲಿಮೆಂಟ್ ಒಡೆದಿತ್ತು. ತಮ್ಮ ಅವತ್ತು ತಣ್ಣೀರು ಸ್ನಾನ ಮಾಡಿ ಹೋದ.

ಹೊಸ ಎಲಿಮೆಂಟ್ ಹಾಕಿದೆ. ಬೋರ್ಡಿನಿಂದ ಗೀಸರಿಗೆ ಬೇರೆಯೇ 4 ಸ್ಕ್ವೇರ್ ಎಂಎಂ ಲೈನ್ ಎಳೆದೆ. ಹಿತ್ತಲಿನ ಅರ್ಥ್ ಪೈಪಿನ ತಲೆ ತುಕ್ಕು ಹಿಡಿದು ಕೈಗೇ ಬಂತು. ಹೊಸ ಗುಂಡಿ ತೆಗೆದು, 2.5 ಮೀಟರ್ ಜಿಐ ಪೈಪ್ ನಿಲ್ಲಿಸಿ, ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿದೆ. ಬಲ್ಬು, ಫ್ಯಾನು, ಸ್ವಿಚ್ ಬದಲಾಯಿಸೋದಕ್ಕೆ ಕಾನೂನು ಮನೆಯವರನ್ನು ತಡೆಯುವುದಿಲ್ಲ. ಹೊಸ ಲೈನ್, ಅರ್ಥಿಂಗ್ ಅಂದರೆ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಮೂಲಕವೇ ಆಗಬೇಕು. ನನ್ನ ಪರ್ಮಿಟ್ ಒಂದೇ ಸಾಲದು, ಅದಕ್ಕೇ ನಮ್ಮ ಕಂಟ್ರಾಕ್ಟರನ್ನು ಮೊದಲೇ ಕರೆಸಿದ್ದೆ. ಅವರೂ ಒಂದೊಂದು ಪಾಯಿಂಟ್ ಅಳೆದು ನೋಡಿದರು.

ಆರ್‌ಸಿಸಿಬಿಯ ಟೆಸ್ಟ್ ಬಟನ್ನನ್ನು ತಿಂಗಳಿಗೊಮ್ಮೆ ತಮ್ಮನೇ ಒತ್ತುತ್ತಾನೆ. ಬೇಸಿಗೆಯಲ್ಲಿ ಅಮ್ಮ ತುಳಸಿಗೆ ನೀರು ಹಾಕಿ, ಉಳಿದದ್ದನ್ನು ಅರ್ಥ್ ಗುಂಡಿ ಒಣಗದಂತೆ ಅದಕ್ಕೆ ಸುರಿಯುತ್ತಾರೆ.