ಮರೀನಾ ಬೇ ಸ್ಯಾಂಡ್ಸ್‌ನಲ್ಲಿ ಒಂದೇ ರಾತ್ರಿ: ಆ ಇಪ್ಪತ್ತು ಗಂಟೆ ಹೇಗೆ ಬಳಸಬೇಕು?

ಸಿಂಗಪುರಕ್ಕೆ ಹೋದವರೆಲ್ಲ ಆ ಮೂರು ಗೋಪುರಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬರುತ್ತಾರೆ. 2010ರಲ್ಲಿ ಶುರುವಾದ ಹೋಟೆಲು, 55 ಅಂತಸ್ತು, ಮೂರರ ತಲೆಯ ಮೇಲೂ ಅಡ್ಡಲಾಗಿ ಕೂರಿಸಿದ ಹಡಗಿನಂಥ ತೋಟ, ಅದರಲ್ಲಿ ಈಜುಕೊಳ. ಜೀವನದಲ್ಲಿ ಒಮ್ಮೆಯಾದರೂ ಅಲ್ಲಿ ಉಳಿಯಬೇಕು ಅನ್ನುವ ಆಸೆ ತುಂಬಾ ಜನರಿಗಿದೆ. ತಪ್ಪೇನಿಲ್ಲ. ಆದರೆ ಒಂದು ರಾತ್ರಿಗೆ ಹತ್ತಾರು ಸಾವಿರ ರೂಪಾಯಿ ಹೋಗುತ್ತದೆ. ನಾನು ಅಮ್ಮನನ್ನು ಕರೆದುಕೊಂಡು ಹೋಗುವ ಮುಂಚೆ ವಾರಗಟ್ಟಲೆ ಲೆಕ್ಕ ಹಾಕಿದ್ದೆ, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದಿನ ಆರಿಸಿ. ರೂಮು ಸಿಗುವುದು ಮಧ್ಯಾಹ್ನ 3ಕ್ಕೆ, ಬಿಡಬೇಕಾದದ್ದು ಮರುದಿನ ಬೆಳಿಗ್ಗೆ 11ಕ್ಕೆ. ಅಂದರೆ ನಿಮ್ಮ ಕೈಯಲ್ಲಿರುವುದು ಇಪ್ಪತ್ತು ಗಂಟೆ. ಬೆಂಗಳೂರಿನಿಂದ ನಾಲ್ಕೂವರೆ ಗಂಟೆ ಹಾರಾಟ, ರಾತ್ರಿ ಹೊರಟರೆ ಬೆಳಿಗ್ಗೆ ಇಳಿಯುತ್ತೀರಿ. ನಿದ್ದೆಗೆಟ್ಟು ಬಂದ ದಿನವೇ ಈ ಹೋಟೆಲು ಇಟ್ಟುಕೊಂಡರೆ 3 ಗಂಟೆವರೆಗೆ ತೂಕಡಿಸುತ್ತಾ ಕಾಯಬೇಕು, ರೂಮು ಸಿಕ್ಕ ಕೂಡಲೇ ಮಲಗಿಬಿಡುತ್ತೀರಿ. ಅದಕ್ಕೇ ಉಳಿದ ದಿನಗಳಿಗೆ ಸಾಧಾರಣ ಹೋಟೆಲು ಹಿಡಿದು, ಇದನ್ನು ಕೊನೆಯ ರಾತ್ರಿಗೆ ಇಟ್ಟುಕೊಳ್ಳಿ. ಶನಿವಾರ, ರಜೆದಿನ ಬೇಡ, ವಾರದ ನಡುವೆ ದರ ಕಡಿಮೆ ಇರುವುದೇ ಜಾಸ್ತಿ.

ಬುಕ್ ಮಾಡುವಾಗ ದರದ ಪಕ್ಕ ಎರಡು ಪ್ಲಸ್ ಗುರುತು ಕಂಡರೆ ಹುಷಾರು. 10% ಸರ್ವಿಸ್ ಚಾರ್ಜ್, ಅದು ಸೇರಿದ ಮೊತ್ತದ ಮೇಲೆ 9% ಜಿಎಸ್‌ಟಿ. 100 ಡಾಲರ್ ಅಂದದ್ದು 119 ಡಾಲರ್ 90 ಸೆಂಟ್ ಆಗುತ್ತದೆ. ಈ ಸರ್ವಿಸ್ ಚಾರ್ಜ್ ಇರುವುದರಿಂದ ಅಲ್ಲಿ ಟಿಪ್ಸ್ ಕೊಡುವ ರೂಢಿ ಇಲ್ಲ, ಆ ಸಂಕೋಚ ಬಿಡಿ.

ಇನ್ನು ಯಾವ ಕಡೆಯ ರೂಮು? ಇಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ. ಒಂದು ಕಡೆ ನಗರ ಕಾಣುತ್ತದೆ, ಇನ್ನೊಂದು ಕಡೆ ಗಾರ್ಡನ್ಸ್ ಬೈ ದ ಬೇ ಅನ್ನುವ ದೊಡ್ಡ ತೋಟ ಮತ್ತು ಸಮುದ್ರ. ಎಲ್ಲರೂ ನಗರದ ಕಡೆಯೇ ಕೇಳುತ್ತಾರೆ. ಆದರೆ ಈಜುಕೊಳ ನೋಡುವುದೂ ನಗರದ ಕಡೆಗೇ ಅಲ್ವಾ? ಅದೇ ನೋಟಕ್ಕೆ ಎರಡು ಸಲ ಯಾಕೆ ದುಡ್ಡು ಕೊಡಬೇಕು? ತೋಟದ ಕಡೆ ತೆಗೆದುಕೊಳ್ಳಿ. ಬೆಳಿಗ್ಗೆ ಸುಮಾರು 7ಕ್ಕೆ ಸೂರ್ಯ ಹುಟ್ಟುವುದು, ಸಾಲಾಗಿ ಲಂಗರು ಹಾಕಿದ ಹಡಗುಗಳು, ರಾತ್ರಿ ಬಣ್ಣಬಣ್ಣದ ಬೆಳಕಿನ ಸೂಪರ್‌ಟ್ರೀಗಳು (ಆ ತೋಟದಲ್ಲಿ ಮರದ ಆಕಾರದಲ್ಲಿ ಕಟ್ಟಿದ ಎತ್ತರದ ಗೋಪುರಗಳು), ಎಲ್ಲಾ ಹಾಸಿಗೆಯಿಂದಲೇ ಕಾಣುತ್ತದೆ. ಎತ್ತರ ಅಂದರೆ ತಲೆ ಸುತ್ತುವವರು ಜೊತೆಗಿದ್ದರೆ ಕೆಳಗಿನ ಅಂತಸ್ತು ಬೇಕು ಅಂತ ಬುಕ್ ಮಾಡುವಾಗಲೇ ಬರೆಯಿರಿ.

ಹೊರಡುವ ಮುಂಚೆ ಬ್ಯಾಂಕಿನ ಆ್ಯಪ್‌ನಲ್ಲಿ ಕ್ರೆಡಿಟ್ ಕಾರ್ಡಿನ ವಿದೇಶಿ ಬಳಕೆ ಆನ್ ಮಾಡಿಕೊಳ್ಳಿ. ಡೆಬಿಟ್ ಕಾರ್ಡು, ಫಾರೆಕ್ಸ್ ಕಾರ್ಡು ಕೊಡಬೇಡಿ. ಚೆಕ್ ಇನ್ ಮಾಡುವಾಗ ಡೆಪಾಸಿಟ್ ಅಂತ ಒಂದಿಷ್ಟು ಹಣ ಹಿಡಿದಿಡುತ್ತಾರೆ, ಡೆಬಿಟ್ ಕಾರ್ಡಿನಲ್ಲಾದರೆ ಅದು ವಾಪಸ್ ಬರಲು ದಿನಗಳೇ ಹಿಡಿಯುತ್ತವೆ, ಅಷ್ಟರಲ್ಲಿ ನಿಮ್ಮ ಖರ್ಚಿನ ದುಡ್ಡೇ ಕೈತಪ್ಪಿರುತ್ತದೆ. ಬಿಲ್ ರೂಪಾಯಿಯಲ್ಲೋ ಡಾಲರಿನಲ್ಲೋ ಅಂತ ಕೇಳಿದರೆ ಸಿಂಗಪುರ ಡಾಲರ್ ಅನ್ನಿ. ರೂಪಾಯಿ ಅಂದರೆ ಅವರು ಹಾಕಿದ್ದೇ ದರ.

ಬೇರೆ ಹೋಟೆಲಿನಿಂದ ಬರುವವರಾದರೆ 3 ಗಂಟೆವರೆಗೆ ಕಾಯಬೇಡಿ. ಬೆಳಿಗ್ಗೆಯೇ ಬಂದು ಬ್ಯಾಗು ಬೆಲ್ ಕೌಂಟರಿನಲ್ಲಿ ಕೊಟ್ಟು ಚೀಟಿ ಇಸಿದುಕೊಳ್ಳಿ. ರೂಮು ಬೇಗ ಸಿಗುತ್ತದಾ ಅಂತ ಬಾಯಿಬಿಟ್ಟು ಕೇಳಿ. ನಮ್ಮವರು ದೊಡ್ಡ ಹೋಟೆಲಿಗೆ ಹೋದರೆ ಕೇಳುವುದಕ್ಕೇ ಹಿಂಜರಿಯುತ್ತಾರೆ. ನೀವು ಕೊಟ್ಟ ದುಡ್ಡಿನಲ್ಲಿ ಈ ಕೇಳುವ ಹಕ್ಕೂ ಸೇರಿದೆ. ಎಲ್ಲರ ಪಾಸ್‌ಪೋರ್ಟೂ ಕೈಯಲ್ಲಿರಲಿ. ಎಷ್ಟು ಜನ ಉಳಿಯುತ್ತೀರಿ ಅನ್ನುವುದನ್ನು ಸರಿಯಾಗಿ ಹೇಳಿ, ಯಾಕಂದರೆ ಈಜುಕೊಳಕ್ಕೆ ಉಳಿದುಕೊಂಡವರಿಗೆ ಮಾತ್ರ ಪ್ರವೇಶ.

ರೂಮಿಗೆ ಹೋದ ಕೂಡಲೇ ಹಾಸಿಗೆ ಮೇಲೆ ಬೀಳಬೇಡಿ, ಎರಡು ನಿಮಿಷ ಕೊಡಿ. ಬಾಗಿಲ ಹಿಂದಿನ ನಕ್ಷೆ ನೋಡಿ, ಮೆಟ್ಟಿಲಿಗೆ ಎಷ್ಟು ಬಾಗಿಲು ದಾಟಬೇಕು ಅಂತ ಎಣಿಸಿ ಬನ್ನಿ. ಬೆಂಕಿ ಬಿದ್ದಾಗ ಲಿಫ್ಟ್ ಹತ್ತುವಂತಿಲ್ಲ, ಹೊಗೆಯಲ್ಲಿ ಕಣ್ಣು ಕಾಣುವುದಿಲ್ಲ, ಆ ಎಣಿಕೆಯೇ ದಾರಿ. ಅಲ್ಲಿನ ಪ್ಲಗ್ಗಿಗೆ ಮೂರು ಚಪ್ಪಟೆ ಪಿನ್ನು, ಅಡಾಪ್ಟರ್ ಬೇಕಾಗುತ್ತದೆ. ನಲ್ಲಿ ನೀರು ಕುಡಿಯಬಹುದು.

ಮಿನಿಬಾರ್ ಬಗ್ಗೆ ಮಾತ್ರ ಒಂದು ಮಾತು. ಬೇರೊಂದು ಊರಿನ ದೊಡ್ಡ ಹೋಟೆಲೊಂದರಲ್ಲಿ ಅಮ್ಮನ ಇನ್ಸುಲಿನ್ ಇಡಲು ಜಾಗ ಮಾಡೋಣ ಅಂತ ನಾನು ಫ್ರಿಜ್ಜಿನ ಬಾಟಲಿಗಳನ್ನು ಎತ್ತಿ ಹೊರಗಿಟ್ಟಿದ್ದೆ. ಒಂದನ್ನೂ ಒಡೆದಿರಲಿಲ್ಲ. ಆದರೆ ಅಲ್ಲಿ ಕೆಳಗೆ ಸೆನ್ಸರ್ ಇತ್ತು, ಎತ್ತಿದ್ದಕ್ಕೆಲ್ಲ ಬಿಲ್ಲಾಗಿತ್ತು. ಕೌಂಟರಿನಲ್ಲಿ ಅರ್ಧ ಗಂಟೆ ವಿವರಿಸಿದ ಮೇಲೆ ತೆಗೆದರು, ಅಷ್ಟರಲ್ಲಿ ಅಮ್ಮ ತನ್ನಿಂದಲೇ ಹೀಗಾಯಿತು ಅಂತ ಮುಖ ಸಣ್ಣ ಮಾಡಿಕೊಂಡು ಕೂತಿದ್ದಳು. ಅವತ್ತಿನಿಂದ ನಾನು ಮೊದಲು ಫೋನ್ ಮಾಡುತ್ತೇನೆ: ಔಷಧಿ ಇದೆ, ಫ್ರಿಜ್ ಖಾಲಿ ಮಾಡಿಕೊಡಿ ಅಥವಾ ಬೇರೆ ಕೊಡಿ.

ಸರಿ, ಈಗ ಈಜುಕೊಳ. 57ನೇ ಮಹಡಿ, ಸುಮಾರು 200 ಮೀಟರ್ ಎತ್ತರ, ಉದ್ದ ಹತ್ತಿರಹತ್ತಿರ 150 ಮೀಟರ್. ಅಂಚಿನಿಂದ ನೀರು ನೇರ ಕೆಳಗೆ ಬೀಳುವ ಹಾಗೆ ಕಾಣುತ್ತದೆ, ನಿಜವಾಗಿ ಅಂಚಿನ ಆಚೆ ಕೆಳಗಡೆ ಒಂದು ಕಾಲುವೆ ಇದೆ, ನೀರು ಅದಕ್ಕೆ ಇಳಿದು ಪಂಪಿನಿಂದ ಮತ್ತೆ ಮೇಲೆ ಬರುತ್ತದೆ. ಎತ್ತರದ ಗೋಪುರಗಳು ಗಾಳಿಗೆ ಅಷ್ಟಿಷ್ಟು ಓಲಾಡುತ್ತವೆ, ಮೂರೂ ಒಂದೇ ರೀತಿ ಓಲಾಡುವುದಿಲ್ಲ. ಅದಕ್ಕೇ ಕೊಳದ ಕೆಳಗೆ ಆ ಚಲನೆ ತಡೆದುಕೊಳ್ಳುವ ನಾಲ್ಕು ಜಾಯಿಂಟ್ ಇಟ್ಟಿದ್ದಾರೆ. ಇದನ್ನೆಲ್ಲ ವಿವರಿಸಿದ ಮೇಲೆಯೇ ಅಮ್ಮ ನೀರಿಗೆ ಕಾಲಿಟ್ಟದ್ದು. ಆಳ 1.2 ಮೀಟರ್, ದೊಡ್ಡವರಿಗೆ ಎದೆಮಟ್ಟ, ಈಜು ಬಾರದವರೂ ನಿಲ್ಲಬಹುದು. ನೈಟಿ, ಚೂಡಿದಾರ, ಹತ್ತಿ ಚಡ್ಡಿ ನಡೆಯುವುದಿಲ್ಲ, ಈಜುಡುಗೆಯೇ ಬೇಕು. ಮೈತುಂಬಾ ಮುಚ್ಚುವ ಪೂರ್ತಿ ತೋಳಿನ ಈಜುಡುಗೆ ನಮ್ಮಲ್ಲೇ ಸಿಗುತ್ತದೆ, ಅಮ್ಮಂದಿರಿಗೆ ಊರಿನಲ್ಲೇ ಕೊಂಡುಕೊಂಡು ಒಮ್ಮೆ ಹಾಕಿಸಿ ನೋಡಿ. ಇಲ್ಲದಿದ್ದರೆ ಅವರು ಅಲ್ಲಿಯವರೆಗೆ ಬಂದು ದಡದಲ್ಲಿ ಟವೆಲ್ ಕಾಯುತ್ತಾ ಕೂರುತ್ತಾರೆ, ಅದು ಆಗಬಾರದು.

ಎರಡು ಸಲ ಹೋಗಿ. ಸಂಜೆ 7ರ ಹೊತ್ತಿಗೆ ಸೂರ್ಯ ಮುಳುಗುವಾಗ ಒಮ್ಮೆ, ಆಗ ಜನ ಜಾಸ್ತಿ. ಮರುದಿನ ಬೆಳಕು ಹರಿಯುವ ಮುಂಚೆ ಇನ್ನೊಮ್ಮೆ. ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಏಳುವುದು ಕಷ್ಟವೇ, ಆದರೂ ಏಳಿ. ನೀರು ನಿಶ್ಶಬ್ದವಾಗಿರುತ್ತದೆ, ಎದುರಿನ ಕಟ್ಟಡಗಳ ದೀಪ ಒಂದೊಂದಾಗಿ ಆರಿ ಗಾಜಿನ ಮೇಲೆ ಬಿಸಿಲು ಏರುತ್ತದೆ.

ನಡುವೆ ರಾತ್ರಿ ಎರಡು ಪುಕ್ಕಟೆ ಪ್ರದರ್ಶನ ಸಿಗುತ್ತವೆ. 7.45ಕ್ಕೂ 8.45ಕ್ಕೂ ತೋಟದಲ್ಲಿ ಸೂಪರ್‌ಟ್ರೀ ಬೆಳಕು, ಹೋಟೆಲಿನಿಂದಲೇ ಸೇತುವೆ ಇದೆ. ಕೊಲ್ಲಿಯ ದಡದಲ್ಲಿ ನೀರು ಮತ್ತು ಬೆಳಕಿನ ಸ್ಪೆಕ್ಟ್ರಾ, 8ಕ್ಕೂ 9ಕ್ಕೂ.

ಬೆಳಗಿನ ತಿಂಡಿ ದರದಲ್ಲಿ ಸೇರಿಲ್ಲದಿದ್ದರೆ ಸುಮ್ನೆ ಅಲ್ಲೇ ತಿನ್ನಬೇಡಿ. ಬಿಲ್ಲನ್ನು ಸಾಲುಸಾಲಾಗಿ ಓದಿ, 11ಕ್ಕೆ ಚೆಕ್ ಔಟ್ ಮಾಡಿ, ಬ್ಯಾಗು ಮತ್ತೆ ಬೆಲ್ ಕೌಂಟರಿಗೆ ಕೊಟ್ಟು ಕೆಳಗಿನ ಬೇಫ್ರಂಟ್ ಮೆಟ್ರೊ ಸ್ಟೇಷನ್ನಿಗೆ ಇಳಿಯಿರಿ. ಡೌನ್‌ಟೌನ್ ಲೈನಿನಲ್ಲಿ ನಾಲ್ಕನೆಯದೇ ಲಿಟಲ್ ಇಂಡಿಯಾ, ಎಲ್ಲೂ ಬದಲಿಸಬೇಕಿಲ್ಲ. ಸೆರಂಗೂನ್ ರಸ್ತೆಯಲ್ಲಿ 1947ರ ಕೋಮಲ ವಿಲಾಸ್ ಇದೆ, ಇನ್ನೂ ಮುಂದೆ ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಎದುರು ನಮ್ಮ ಎಂಟಿಆರ್. ಊಟ ಮುಗಿಸಿ, ಸಂಜೆ ಬ್ಯಾಗು ತೆಗೆದುಕೊಂಡು ಅದೇ ಲೈನಿನಲ್ಲಿ ಎಕ್ಸ್‌ಪೋವರೆಗೆ ಹೋಗಿ ರೈಲು ಬದಲಿಸಿದರೆ ಮುಂದಿನ ಸ್ಟೇಷನ್ನೇ ಚಾಂಗಿ ಏರ್‌ಪೋರ್ಟ್.