ಟಾರು ರಸ್ತೆ ಬಿಟ್ಟು ಗುಡ್ಡದ ದಾರಿ ಹಿಡಿದ ನನ್ನ ಅನುಭವ

ಬೆಂಗಳೂರಿನ ಸುತ್ತಮುತ್ತ ನಾಲ್ಕು ವರ್ಷ ರಸ್ತೆ ಸೈಕಲ್ ರೇಸುಗಳಲ್ಲಿ ಭಾಗವಹಿಸಿದೆ. ಅವುಗಳಲ್ಲಿ ಹೆಚ್ಚಿನವು ನನ್ನ ಪಾಲಿಗೆ ಮೊದಲ ಅರ್ಧ ಗಂಟೆಯಲ್ಲೇ ಮುಗಿದುಹೋಗುತ್ತಿದ್ದವು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ; ಗುಂಪಿನ ಮರೆಯಲ್ಲಿ, ಮುಂದಿನವರ ಚಕ್ರಕ್ಕೆ ಒಂದು ಗೇಣು ದೂರದಲ್ಲಿ ಸಾಗಿದರೆ ಆ ಶ್ರಮದಲ್ಲಿ ಸುಮಾರು ಮೂರನೇ ಒಂದು ಪಾಲು ಉಳಿಯುತ್ತದೆ. ಆದರೆ ಯಾವುದೋ ಒಂದು ಏರಿನಲ್ಲಿ ಹತ್ತಿಪ್ಪತ್ತು ಮೀಟರ್ ಹಿಂದೆ ಬಿದ್ದೆವೆಂದರೆ ಆ ಮರೆ ತಪ್ಪಿಹೋಗುತ್ತದೆ, ಒಬ್ಬರೇ ಗಾಳಿಗೆ ಎದೆಯೊಡ್ಡಿ ಅಷ್ಟು ಜನರ ಗುಂಪನ್ನು ಮತ್ತೆ ಹಿಡಿಯುವುದು ನನ್ನಂತಹ, ವಾರಕ್ಕೆ ಆರೇಳು ಗಂಟೆ ಮಾತ್ರ ಅಭ್ಯಾಸಕ್ಕೆ ಸಿಗುವ ನೌಕರಸ್ಥನಿಗೆ ಆಗದ ಮಾತು. ಉಳಿದ 50 ಕಿ.ಮೀ. ದೂರವನ್ನು ಲಾರಿಗಳ ನಡುವೆ ಒಬ್ಬನೇ ತುಳಿದು ಮುಗಿಸಿದ ದಿನಗಳು ಅನೇಕ.

ನನ್ನ ಕೊನೆಯ ರಸ್ತೆ ರೇಸಿನಲ್ಲಿ ಮುಂದಿದ್ದ ಸವಾರರೊಬ್ಬರು ಗುಂಡಿ ತಪ್ಪಿಸಲು ಸರಕ್ಕನೆ ಎಡಕ್ಕೆ ಸರಿದಾಗ ಅವರ ಹಿಂದಿನ ಚಕ್ರ ನನ್ನ ಮುಂದಿನ ಚಕ್ರಕ್ಕೆ ತಾಗಿತು. ನಾನು ಬಿದ್ದೆ, ನನ್ನ ಮೇಲೆ ಇನ್ನಿಬ್ಬರು ಬಿದ್ದರು. ಕಾಲರ್ ಬೋನ್ ಮುರಿದು ಎರಡು ತಿಂಗಳು ಮನೆಯಲ್ಲಿದ್ದೆ. ಅವರದೂ ತಪ್ಪಿರಲಿಲ್ಲ, ನನ್ನದೂ ಇರಲಿಲ್ಲ. ಆ ವೇಗದಲ್ಲಿ ಅಷ್ಟು ಒತ್ತೊತ್ತಾಗಿ ಸಾಗುವ ಆಟದ ಸ್ವಭಾವವೇ ಅಂಥದ್ದು.

ಕೈ ಸರಿಹೋದ ಮೇಲೆ ಗೆಳೆಯರೊಬ್ಬರು ಕನಕಪುರ ರಸ್ತೆಯಾಚೆಯ ಗುಡ್ಡವೊಂದಕ್ಕೆ ಕರೆದೊಯ್ದು ತಮ್ಮ ಹಳೆಯ ಮೌಂಟನ್ ಬೈಕನ್ನು, ಅಂದರೆ ಗುಡ್ಡದ ದಾರಿಗೆಂದೇ ಮಾಡಿದ ದಪ್ಪ ಟೈರಿನ ಸೈಕಲ್ಲನ್ನು, ಕೈಗಿತ್ತರು. ರಸ್ತೆ ಸೈಕಲ್ಲಿನ ರೂಢಿಯಂತೆ ನಾನು ಟೈರುಗಳಿಗೆ ಗಟ್ಟಿಯಾಗಿ ಗಾಳಿ ತುಂಬಿದ್ದೆ. ಸಡಿಲ ಜಲ್ಲಿಯ ಮೊದಲ ತಿರುವಿನಲ್ಲೇ ಚಕ್ರ ಜಾರಿ ಮೊಣಕೈ ತರಚಿತು. ಅವರು ವಾಲ್ವ್ ಒತ್ತಿ ಗಾಳಿ ಬಿಡುತ್ತಾ, ನಡುನಡುವೆ ಟೈರನ್ನು ಹೆಬ್ಬೆರಳಿನಿಂದ ಅದುಮಿ ನೋಡುತ್ತಾ ಗಾಳಿಯ ಒತ್ತಡವನ್ನು 22 ಪಿಎಸ್‌ಐಗೆ (ಒತ್ತಡದ ಅಳತೆ) ಇಳಿಸಿದರು. ಅದೇ ತಿರುವನ್ನು ಮತ್ತೆ ಹಾಯ್ದಾಗ ಟೈರು ಕಲ್ಲುಗಳ ಮೇಲೆ ಹರಡಿಕೊಂಡು ನೆಲವನ್ನು ಕಚ್ಚಿ ಹಿಡಿಯುತ್ತಿರುವುದು ಹ್ಯಾಂಡಲ್ಲಿನ ಮೂಲಕ ಅಂಗೈಗೇ ತಿಳಿಯಿತು.

ಮೂರು ತಿಂಗಳ ನಂತರ ನೀಲಗಿರಿ ತೋಪಿನ ನಡುವೆ 5 ಕಿ.ಮೀ. ಸುತ್ತನ್ನು ನಾಲ್ಕು ಬಾರಿ ಹಾಕಬೇಕಿದ್ದ ಸಣ್ಣ ರೇಸೊಂದಕ್ಕೆ ಹೆಸರು ಕೊಟ್ಟೆ. ಇಲ್ಲಿಯೂ ಎಲ್ಲರೂ ಒಟ್ಟಿಗೇ ಹೊರಡುತ್ತಾರೆ. ಆದರೆ ಕಾಲುದಾರಿ ಶುರುವಾಗುತ್ತಲೇ ಸಾಲು ಎಳೆದುಕೊಂಡು, ಪ್ರತಿಯೊಬ್ಬರೂ ತಮ್ಮ ಶಕ್ತಿಗೆ ತಕ್ಕ ಜಾಗದಲ್ಲಿ ನಿಲ್ಲುತ್ತಾರೆ. ಗಂಟೆಗೆ 8-10 ಕಿ.ಮೀ. ವೇಗದಲ್ಲಿ ಹತ್ತುವ ಏರಿನಲ್ಲಿ ಗಾಳಿಯ ಮರೆಗೆ ಬೆಲೆಯೇ ಇಲ್ಲ. ಗೆಲ್ಲುವವರು ಎಷ್ಟೇ ಮುಂದೆ ಹೋಗಿರಲಿ, ನನ್ನೆದುರು ಯಾರೋ ಒಬ್ಬರು ಇದ್ದೇ ಇರುತ್ತಿದ್ದರು, ಹಿಂದೆ ಇನ್ನೊಬ್ಬರ ಉಸಿರು ಕೇಳುತ್ತಲೇ ಇತ್ತು. ಮೊಣಕಾಲೆತ್ತರದ ಬಂಡೆಯೊಂದನ್ನು ಮೊದಲ ಎರಡು ಸುತ್ತುಗಳಲ್ಲಿ ಸೈಕಲ್ ಹೊತ್ತು ಇಳಿದೆ. ಮೂರನೆಯದರಲ್ಲಿ ಸೀಟಿನ ಹಿಂದಕ್ಕೆ ಸರಿದು, ದೃಷ್ಟಿಯನ್ನು ಚಕ್ರದಿಂದ ಕಿತ್ತು ದೂರದ ಮರದ ಮೇಲಿಟ್ಟು ಇಳಿಸಿದೆ. ಆ ಸುತ್ತಿನಲ್ಲಿ ಇಬ್ಬರನ್ನು ದಾಟಿದೆ. ಕೊನೆಗೆ ಸಿಕ್ಕಿದ್ದು 27ನೆಯ ಸ್ಥಾನ, ಆದರೆ ಕೊನೆಯ ಮೀಟರಿನವರೆಗೂ ನಾನು ರೇಸಿನೊಳಗೇ ಇದ್ದೆ.

ಇಂಥ ಗುಡ್ಡದ ಸುತ್ತುಗಳ ಅಂತರರಾಷ್ಟ್ರೀಯ ಕ್ರಾಸ್ ಕಂಟ್ರಿ ಸೈಕಲ್ ರೇಸುಗಳಲ್ಲಿ ತೀರಾ ಹಿಂದುಳಿದವರನ್ನು ನಡುವೆಯೇ ಹೊರಕಳಿಸುವ ನಿಯಮವಿದೆ. ನಾನು ಭಾಗವಹಿಸಿದ ಹವ್ಯಾಸಿ ರೇಸುಗಳಲ್ಲಿ ಎಲ್ಲರಿಗೂ ಮುಗಿಸುವ ಅವಕಾಶವಿತ್ತು. ಈ ಆಟಕ್ಕೆ ಹಿಮಾಲಯವೂ ಬೇಕಿಲ್ಲ: 2022ರ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ನಡೆದದ್ದು ನಮ್ಮ ಗದಗದಲ್ಲಿ.

ಇಲ್ಲಿ ಬೀಳುವುದು ಕಡಿಮೆಯೇನಲ್ಲ, ರಸ್ತೆಗಿಂತ ಹೆಚ್ಚೇ ಬಿದ್ದಿದ್ದೇನೆ. ಆದರೆ ಕಡಿಮೆ ವೇಗದಲ್ಲಿ, ಮಣ್ಣಿನ ಮೇಲೆ, ಬಹುತೇಕ ನನ್ನದೇ ತಪ್ಪಿನಿಂದ ಬಿದ್ದೆನಾದ್ದರಿಂದ ಪ್ರತಿ ಬಾರಿಯೂ ತಿದ್ದಿಕೊಳ್ಳಲು ಏನಾದರೊಂದು ಸಿಕ್ಕಿದೆ. ಮಳೆಗಾಲದಲ್ಲಿ ಬ್ರೇಕ್ ಪ್ಯಾಡು ಮತ್ತು ಚೈನು ಬೇಗನೆ ಸವೆಯುವ ಖರ್ಚನ್ನು ಮಾತ್ರ ಹೊಸಬರು ಮೊದಲೇ ಲೆಕ್ಕಕ್ಕೆ ಹಿಡಿದುಕೊಳ್ಳುವುದು ಒಳ್ಳೆಯದು.

ಮುಂದಿನ ತಿಂಗಳ ರೇಸಿನ ಸುತ್ತಿನಲ್ಲಿ ಇಳಿಜಾರಿನ ಎಡತಿರುವೊಂದಿದೆ. ಅಲ್ಲಿ ನಾನು ಇನ್ನೂ ಅನಗತ್ಯವಾಗಿ ಬ್ರೇಕ್ ಹಿಡಿಯುತ್ತೇನೆ. ಈ ಭಾನುವಾರ ಬೆಳಿಗ್ಗೆ ಆ ತಿರುವಿನಲ್ಲೇ ಅಭ್ಯಾಸ.