ಮ್ಯೂನಿಕ್‌ನ ಫ್ಲಶ್ ಟ್ಯಾಂಕ್ ಸೋರುವುದು ಕೊನೆಗೂ ನಿಂತಿತು

"ಕೈ ಹಾಕಬೇಡ ಮಾರಾಯ, ಗೋಡೆ ಒಳಗಿರೋ ಟ್ಯಾಂಕು. ಹೆಚ್ಚುಕಮ್ಮಿ ಆದ್ರೆ ಕೆಳಗಿನ ಮನೆ ಸೀಲಿಂಗ್ ನಿನ್ನ ತಲೆಗೆ" ಅಂತ ಗೆಳೆಯರು ಹೆದರಿಸಿದ್ದರು. ಹಾಕಿದೆ. ಐದು ತಿಂಗಳಾಯಿತು, ಕಮೋಡಿನ ಹಿಂಬದಿಗೆ ಒಣ ಟಿಶ್ಯೂ ಅಂಟಿಸಿಟ್ಟರೆ ಬೆಳಗಿನವರೆಗೂ ಒಣಗಿಯೇ ಇರುತ್ತದೆ.

ಮೊದಲು ಪ್ಲಂಬರನ್ನೇ ಕರೆದಿದ್ದೆ. ಮೂರು ವಾರ ಕಾಯಿಸಿ ಬಂದ, 20 ನಿಮಿಷ ಇದ್ದ, ಫ್ಲೋಟ್ ಬದಲಾಯಿಸಿ ಹೋದ. ಬಿಲ್ಲು 90 ಚಿಲ್ಲರೆ ಯೂರೋ, ಅರ್ಧಕ್ಕರ್ಧ ಬಂದುಹೋಗುವ ಖರ್ಚು. ನಮ್ಮ ಕರಾರಿನಲ್ಲಿ 100ರ ಒಳಗಿನ ರಿಪೇರಿ ಬಾಡಿಗೆದಾರನದು, ದಾಟಿದರೆ ಪೂರ್ತಿ ಮಾಲೀಕನದು. ಇನ್ನೊಂದು ಹತ್ತು ಯೂರೋ ಜಾಸ್ತಿ ಹಾಕಿದ್ದರೆ ಅವನ ಕಾಲಿಗೆ ಬೀಳುತ್ತಿದ್ದೆ! ಹತ್ತೇ ದಿನಕ್ಕೆ ಮತ್ತೆ ಸೊರ್ ಅಂತು.

ನಾನೇ ಬಿಚ್ಚಿದ್ದು ಒಂದು ಶನಿವಾರ ಸಂಜೆ. ಅದೇ ತಪ್ಪು. ಒಂದು ಸ್ಕ್ರೂ ಟ್ಯಾಂಕಿನೊಳಗೆ ಬಿತ್ತು, ತಂದಿದ್ದ ವಾಷರ್ ಅಳತೆಗೆ ಕೂರಲಿಲ್ಲ. ಭಾನುವಾರ ಇಲ್ಲಿ ಅಂಗಡಿಯೆಲ್ಲ ಬಂದ್. ಇಡೀ ದಿನ ಬಕೆಟ್ಟು, ಚೊಂಬು. ಸೋಮವಾರ ತಂದ ವಾಷರೂ ತಪ್ಪೇ; ನೀರು ಬಿಡುವ ವಾಲ್ವಿನ ಮೇಲಿನ ಮಾಡೆಲ್ ನಂಬರ್ ಸುಣ್ಣದಡಿ ಮುಚ್ಚಿಹೋಗಿತ್ತು. ಮೂರನೆಯದು ಸರಿಯಾಗಿ ಕೂತಿತು, ಆದರೂ ಸೋರಿತು.

ಆಗ ಒಳಗೆ ಬೆರಳು ಹಾಕಿ ತಡವಿದೆ. ವಾಷರ್ ಕೂರುವ ತಳದ ಅಂಚಿನಲ್ಲಿ ಸುಣ್ಣದ ಹಕ್ಕಳೆ, ಉಪ್ಪುಕಾಗದದ ಹಾಗೆ. ಈ ಊರಿಗೆ ನೀರು ಬರುವುದು ಆಲ್ಪ್ಸ್ ತಪ್ಪಲಿನ ಮಾಂಗ್‌ಫಾಲ್ ಕಣಿವೆ ಕಡೆಯಿಂದ. ಕುಡಿಯಲು ಸೊಗಸು, ಗಡಸಿನಲ್ಲಿ ನಮ್ಮ ಬೋರ್‌ವೆಲ್ ನೀರಿನ ತಮ್ಮ. ಅಲ್ಲಿಯವರೆಗೆ ನಾನು ಹೊಸ ವಾಷರ್ ತಂದು ತಂದು ಅದೇ ಒರಟು ಅಂಚಿನ ಮೇಲೆ ಕೂರಿಸುತ್ತಿದ್ದೆ.

ಸುಣ್ಣ ಕರಗಿಸಲು ಸಿಟ್ರಿಕ್ ಆಸಿಡ್ ಪುಡಿ, ಲೀಟರ್ ನೀರಿಗೆ ಎರಡು ದೊಡ್ಡ ಚಮಚ. ಮೊದಲ ಸಲ ಬಿಸಿನೀರಲ್ಲಿ ಕಲಸಿ ಕೆಟ್ಟೆ, ಹೊಸ ಬಿಳಿ ಪದರವೇ ಕೂತಿತು. ತಣ್ಣೀರೇ ಆಗಬೇಕು. ವಾಲ್ವನ್ನು ರಾತ್ರಿಯಿಡೀ ನೆನೆಹಾಕಬಹುದು, ಟ್ಯಾಂಕಿನ ತಳದಲ್ಲಿ ದ್ರಾವಣ ನಿಲ್ಲುವುದಿಲ್ಲವಲ್ಲ! ಅದನ್ನು ಹೇಗೆ ನಿಲ್ಲಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅಡುಗೆಮನೆಯಲ್ಲೇ ಸಿಗುವ ವಸ್ತು.

ಉತ್ಸಾಹದಲ್ಲಿ ನಲ್ಲಿಗೆ ಹುಣಸೆಹಣ್ಣನ್ನೂ ತಿಕ್ಕಿ ನೋಡಿದೆ, ಹಿತ್ತಾಳೆ ದೀಪಕ್ಕೆ ತಿಕ್ಕುವ ಹಾಗೆ. ಸುಣ್ಣ ಸುಮಾರಾಗಿ ಹೋಯಿತು. ಊರಿಂದ ತಂದಿದ್ದ ಹಣ್ಣು ಮುಗಿದದ್ದಕ್ಕೆ ಮನೆಯಲ್ಲಿ ಪೂಜೆಯೂ ಆಯಿತು.

ತಪ್ಪು ವಾಷರುಗಳೂ ಸೇರಿ ಒಟ್ಟು 20 ಯೂರೋ ಆಸುಪಾಸು. ಕಳೆದ ವಾರ "ಕೈ ಹಾಕಬೇಡ" ಅಂದವನದೇ ಫೋನು, ಅವನ ಟ್ಯಾಂಕೂ ಸೋರುತ್ತಿದೆಯಂತೆ. ಶನಿವಾರ ಬರುತ್ತೇನೆ ಅಂದಿದ್ದೇನೆ, ಬೆಳಿಗ್ಗೆ ಎಂಟಕ್ಕೇ.